ಅವನಿಗೆ ಗೊತ್ತಿಲ್ಲದ್ದು

ತವಿತನ ಮೇಲೆ ನನಗೆ ಮೊದಲು ಹುಟ್ಟಿದ್ದು ಪ್ರೀತಿಯಲ್ಲ, ಸಿಟ್ಟು.

ಮಾತು ತಡವಾದ ಮಕ್ಕಳಿಗೆ ಕಲಿಸಲು, ಸಮೋವಾದ ಅಪಿಯಾದಲ್ಲಿ ನಾನು ಟೀಚರಾಗಿದ್ದ ಪುಟ್ಟ ಶಾಲೆಗೆ ಅವನು ಆಕ್ಲೆಂಡಿನಿಂದ ಒಂದು ವರ್ಷದ ಮಟ್ಟಿಗೆ ಬಂದಿದ್ದ. ಮೊದಲ ದಿನ ಪುಟ್ಟ ಲೋಸಾಳನ್ನು "ಬಾಳೆಹಣ್ಣು ಬೇಕಾ?" ಎಂದು ಕೇಳಿದ. ಅವಳು ಹುಬ್ಬು ಹಾರಿಸಿದಳು. ಇವನೋ, ಉತ್ತರವೇ ಇಲ್ಲ ಎಂದು ಬರೆದುಕೊಂಡ!

"ಅಯ್ಯೋ ಸಾರ್, ನಮ್ಮಲ್ಲಿ ಹುಬ್ಬು ಹಾರಿಸಿದ್ರೆ ಹೌದು ಅಂತ. ನಿಮ್ಮಮ್ಮ ಸಮೋವಾದವ್ರೇ ತಾನೇ, ಇಷ್ಟೂ ಹೇಳಿಕೊಟ್ಟಿಲ್ವಾ?" ಎಂದು ರೇಗಿದೆ.

ಅವನ ಕಿವಿ ಕೆಂಪಗಾಯಿತು. ಈಗ ನನ್ನ ತಲೆ ನರೆತಿದೆ, ಆದರೂ ಹೇಳುತ್ತೇನೆ, ಆ ಕಿವಿ ನೋಡಿಯೇ ನಾನು ಕೆಟ್ಟೆ.

ಲೋಸಾಳ ಕಷ್ಟ ಮಾತೊಂದೇ ಆಗಿರಲಿಲ್ಲ. ತನಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತು ಎಂದೇ ಅವಳು ತಿಳಿದಿದ್ದಳು. ಅದಕ್ಕೇ ದಿನಾ ಒಂದು ಆಟ. ತವಿತ ಪಾನಿಕೆಕೆ ಎಂಬ ಕರಿದ ಸಿಹಿ ಉಂಡೆಗಳನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಿದ್ದ. ನಾನು ಲೋಸಾಳ ಕಣ್ಣೆದುರೇ ಅವನ್ನು ತೆಗೆದು ಡಬ್ಬಿಗೆ ಹಾಕುತ್ತಿದ್ದೆ.

"ತವಿತ ಬಂದು ಎಲ್ಲಿ ಹುಡುಕ್ತಾನೆ?"

"ಡಬ್ಬೀಲಿ," ಎನ್ನುತ್ತಿದ್ದಳು ಲೋಸಾ, ಪ್ರತಿ ಸಲವೂ.

ಅವನು ಒಳಗೆ ಬಂದು ನನ್ನನ್ನೇ ನೋಡಿ ನಗುತ್ತಿದ್ದ, ನಾನು ಸುಮ್ಮನೆ ಮುಖ ಊದಿಸಿಕೊಳ್ಳುತ್ತಿದ್ದೆ. ಆಮೇಲೆ ಮೂವರೂ ಕೂತು ಪಾನಿಕೆಕೆ ತಿನ್ನುತ್ತಿದ್ದೆವು. ಎಂಥ ದಿನಗಳವು!

ವರ್ಷ ಮುಗಿಯಿತು. ಮರುದಿನವೇ ಅವನ ವಿಮಾನ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಅಲ್ಲಿ ಒಳ್ಳೆಯ ಕೆಲಸವಿರುವವನನ್ನು ನಿಲ್ಲು ಎನ್ನಲು ನಾನ್ಯಾರು?

ಕೊನೆಯ ಸಲ ಆಟವಾಡಿದೆವು. ತವಿತ ಹೊರಗೆ ಹೋದ.

"ಎಲ್ಲಿ ಹುಡುಕ್ತಾನೆ, ಲೋಸಾ?"

ಅವಳು ಬಹಳ ಹೊತ್ತು ಯೋಚಿಸಿದಳು. "ಬುಟ್ಟೀಲಿ. ಅವನಿಗೆ ಗೊತ್ತಿಲ್ಲ."

ನಾನು ಕಿರುಚಿಯೇಬಿಟ್ಟೆ. ತವಿತ ಓಡಿಬಂದು ಅವಳನ್ನು ಎತ್ತಿಕೊಂಡ.

"ಇನ್ನೊಂದೂ ನಿಂಗೆ ಗೊತ್ತಿಲ್ಲ," ಅವನ ಕೆನ್ನೆ ಹಿಡಿದು ಲೋಸಾ ಹೇಳಿದಳು. "ನೀನು ಹೋಗ್ತೀಯ ಅಂತ ಟೀಚರ್ ಅಡುಗೆಮನೇಲಿ ಅಳ್ತಾರೆ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

"ನಿಜವಾ, ಫೆತು?" ತವಿತ ನನ್ನತ್ತ ತಿರುಗಿದ.

"ನಿಜ. ನೀನಂದ್ರೆ ನಂಗೆ ಪ್ರಾಣ. ಹೋಗ್ಬೇಡ ಮಾರಾಯ."

ಅವನು ಕಣ್ಣೊರೆಸಿಕೊಂಡ. "ನಿಂಗೆ ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡೇ ವರ್ಷ ಕಳೆದೆನಲ್ಲೇ!"

"ಆದ್ರೆ ಆಕ್ಲೆಂಡ್‌ನಲ್ಲಿ ಎಲ್ರೂ ಕಾಯ್ತಿರ್ತಾರೆ," ಎಂದೆ ನಾನು.

"ಪಾಪ," ಎಂದ ತವಿತ, ಲೋಸಾಳನ್ನು ನೋಡುತ್ತ. "ಅವ್ರು ಇನ್ನೂ ನಾನು ಬರ್ತೀನಿ ಅಂತ್ಲೇ ಅಂದ್ಕೊಂಡಿದ್ದಾರೆ."

ನನಗಿಂತ ಮೊದಲು ಲೋಸಾಳೇ ಕಿಲಕಿಲ ನಕ್ಕಳು.