ಫೋನ್ ಹಿಡಿದ ಸಾಹೇಬರು

"ಕುಂತ್ಕಂಡು ಮಾತಾಡೋ ಕೆಲ್ಸಕ್ಕೆ ಗಂಡಸ್ರೇ ಬೇಕು ಕಣೇ! ನೀನು ಹೇಳಿದ್ರೆ ಯಾರು ಕೇಳ್ತಾರೆ?"

ಅತ್ತೆ ನಿಂಗಕ್ಕ ಸೊಸೆಯ ಕೈಯಲ್ಲಿದ್ದ ಮೊಬೈಲು ಕಿತ್ತು ಮಗನಿಗೆ ಕೊಟ್ಟೇಬಿಟ್ಟಳು. ಅನುಸೂಯಳ ಕಣ್ಣು ತುಂಬಿತು... ಹಾಸಿಗೆ ಹಿಡಿದ ರೋಗಿಗಳನ್ನು ಮನೆಮನೆಯಲ್ಲಿ ಎತ್ತಿ ಇಳಿಸಿ ಅವಳ ಸೊಂಟ ಬಿದ್ದುಹೋಗಿತ್ತು. ಇನ್ನು ಭಾರ ಎತ್ತಬೇಡವೆಂದು ಡಾಕ್ಟರು ಗದರಿದ್ದರು. ಅವಳನ್ನು ಆ ಮನೆಗಳಿಗೆ ಕಳಿಸುತ್ತಿದ್ದ ಚಿತ್ರದುರ್ಗದ ಏಜೆನ್ಸಿಯಲ್ಲಿ ಆ ವರ್ಷ, ಎರಡು ಸಾವಿರದ ಐದರಲ್ಲಿ, ಹೊಸ ಕೆಲಸವೊಂದು ಹುಟ್ಟಿತ್ತು. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಆಯಾಗಳಿಗೆ ಮದಕರಿಪುರದ ತನ್ನ ಮನೆಯಿಂದಲೇ ಫೋನಿನಲ್ಲಿ ಸಲಹೆ ಹೇಳುವುದು. ಅದೊಂದು ಸಿಕ್ಕಿದ್ದರೆ ಅವಳ ಸೊಂಟ ಉಳಿಯುತ್ತಿತ್ತು. ಆದರೆ ಏಜೆನ್ಸಿಯ ಯಜಮಾನನೂ ಅತ್ತೆಗೇ ಹೂಂಗುಟ್ಟಿದ. ಗಂಡಸಿನ ದನಿಗೆ ತೂಕವಂತೆ!

ಹೀಗೆ ಅನುಸೂಯಳ ಗಂಡ ಲಕ್ಷ್ಮೀಕಾಂತ ಸಾಹೇಬರು ಇಸ್ತ್ರಿ ಅಂಗಿ ತೊಟ್ಟು ಜಗಲಿಯ ಕುರ್ಚಿಯಲ್ಲಿ ವಿರಾಜಮಾನರಾದರು. ಹೆತ್ತ ತಾಯಿಗೆ ಒಂದು ಲೋಟ ನೀರು ಕೊಟ್ಟು ಗೊತ್ತಿಲ್ಲದ ಮಹಾನುಭಾವ! ಯಾವ ಆಯಾ ಏನು ಕೇಳಿದರೂ "ಆಮೇಲೆ ಹೇಳ್ತೀನಮ್ಮ" ಎಂದು, ಅನುಸೂಯ ದುಡಿಯುತ್ತಿದ್ದ ಮನೆಗೆ ಫೋನ್ ಮಾಡಿ ಕೇಳಿಕೊಂಡು, ಗಂಟಲು ದಪ್ಪ ಮಾಡಿ ಅದನ್ನೇ ಒಪ್ಪಿಸುತ್ತಿದ್ದ. ಊರೆಲ್ಲ ಅವನನ್ನು ಸಾಹೇಬರೆಂದಿತು.

ಅಷ್ಟರಲ್ಲಿ ನಿಂಗಕ್ಕನಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಹಾಸಿಗೆಯೆಲ್ಲ ಒದ್ದೆ. ಮಗರಾಯ ಮೂಗಿಗೆ ಟವೆಲ್ ಒತ್ತಿಕೊಂಡು ಹೊಸ್ತಿಲಲ್ಲೇ ನಿಂತ.

"ಲೇ ಅನುಸೂಯ, ಎತ್ತೇ! ಇದು ಹೆಂಗಸ್ರ ಕೆಲ್ಸ."

ಅವಳು ಬಗ್ಗಿದಳು. "ಅಯ್ಯೋ ಅವ್ವಾ...!" ಸೊಂಟ ಹಿಡಿದು ಗೋಡೆಗೆ ಕುಸಿದಳು. ಅದನ್ನು ಕಂಡ ನಿಂಗಕ್ಕನ ಸೊಟ್ಟ ಬಾಯಿ ಅದುರಿತು. ಕಣ್ಣೀರು ಕಿವಿಗಿಳಿಯಿತು.

"ಫೋನು... ಅವ್ಳಿಗೆ ಕೊಡೋ... ನನ್ನ... ನೀನು ಎತ್ತೋ..."

ಆಗಲೇ ಫೋನು ಹೊಡೆದುಕೊಂಡಿತು. ಹಿರಿಯೂರಿನ ಆಯಾ ಏಕನಾಥಮ್ಮ. ಲಕ್ವ ಹೊಡೆದವರ ಮಗ್ಗುಲು ಬದಲಿಸುವುದು ಹೇಗೆಂದು ಕೇಳುತ್ತಿದ್ದಳು. ಸಾಹೇಬರು ಎಂದಿನಂತೆ ಹೆಂಡತಿಯ ಮುಖ ನೋಡಿದರು. ಅನುಸೂಯ ಫೋನು ಇಸಿದುಕೊಂಡು, ಗೋಡೆ ಹಿಡಿದು ಹೋಗಿ ಜಗಲಿಯ ಕುರ್ಚಿಯಲ್ಲಿ ಕೂತಳು. ಒಳಗಿನವರಿಗೂ ಕೇಳುವಂತೆ ಹೇಳಿದಳು:

"ಆಚೆ ಕಡೆ ಮಂಡಿ ಮಡಿಸು. ಹೆಗಲಿಗೊಂದು, ಸೊಂಟಕ್ಕೊಂದು ಕೈ ಕೊಡು. ಕೈ ಹಿಡಿದು ಎಳೀಬ್ಯಾಡ. ನಿಧಾನಕ್ಕೆ ನಿನ್ನ ಕಡೆ ಹೊರಳಿಸು. ಮುಖ ಸಿಂಡರಿಸಬ್ಯಾಡ, ಮಲಗಿದೋರಿಗೆ ಕಾಣ್ತೈತೆ."

ಒಳಗೆ ಮಂಚ ಕಿರುಗುಟ್ಟಿತು. ನಿಂಗಕ್ಕ ಬಿಕ್ಕಿದಳು. ಮಗನ ಇಸ್ತ್ರಿ ಅಂಗಿ ತೋಳಿನವರೆಗೂ ತೊಯ್ದಿತ್ತು.

"ಸಾಹೇಬ್ರು ಎಲ್ಲಿ ಅಕ್ಕಾ? ದಿನಾ ಅವ್ರೇ ಹೇಳ್ತಿದ್ರು" ಎಂದಳು ಏಕನಾಥಮ್ಮ.

"ಡ್ಯೂಟೀಲಿ ಅವ್ರೆ ಕಣಮ್ಮ" ಅಂದಳು ಅನುಸೂಯ. "ಇನ್ಮ್ಯಾಲೆ ನಂಗೇ ಫೋನ್ ಮಾಡು."