ಸೇತುವೆಯ ಫೋನು ಕತ್ತರಿಸಿದ ಕೈ

ಬಿಸಿಲೇರುವ ಹೊತ್ತಿಗೆ ಯಾರೋ ನೋಡಿ ಪೊಲೀಸರಿಗೆ ಹೇಳಿದರು. ಸೇತುವೆ ಮೇಲಿನ ಹಳದಿ ಫೋನಿನ ರಿಸೀವರು ನೆಲದಲ್ಲಿ ಬಿದ್ದಿತ್ತು. ತಂತಿ ತುಂಡಾಗಿತ್ತು.

ಸಾಯಲೆಂದು ಬಂದವರು ಕೊನೇ ಗಳಿಗೆಯಲ್ಲಿ ಯಾರೊಡನಾದರೂ ಮಾತಾಡಲಿ ಎಂದು ಆ ಫೋನು ಹಾಕಿಸಿದವಳು ಓಕ್ ಹ್ಯೆರಿನ್. ಆತ್ಮಹತ್ಯೆ ತಡೆಯುವ ಸಂಶೋಧನೆಯಲ್ಲೇ ಅವಳ ಕೂದಲು ನರೆತಿತ್ತು. ತಂತಿ ತುಂಡಾಗಿದ್ದು ಇದು ಎರಡನೇ ಸಲ. ಮೂರನೇ ಸಲವೂ ಹೀಗಾದರೆ ಫೋನನ್ನೇ ಕಿತ್ತುಹಾಕುತ್ತೇವೆಂದು ನಗರಸಭೆ ಖಡಾಖಂಡಿತವಾಗಿ ಹೇಳಿಬಿಟ್ಟಿತ್ತು.

"ತಾಮ್ರದ ಕಳ್ಳರು ಡಾಕ್ಟ್ರೇ," ಅಂದ ಇನ್‌ಸ್ಪೆಕ್ಟರ್ ಮಾ.

"ಕಳ್ಳರು ತಂತಿ ಬಿಟ್ಟು ಹೋಗ್ತಾರಾ?"

"ಹಾಗಾದ್ರೆ ಕುಡುಕ ಹುಡುಗ್ರು."

"ಕುಡುಕರು ಕಿತ್ತೆಳೀತಾರೆ. ಇದನ್ನ ಯಾರೋ ಪಟ್ಟು ಹಿಡಿದು ಕತ್ತರಿಸಿದಾರೆ."

ಹ್ಯೆರಿನ್ ತಂತಿಯ ತುದಿಯನ್ನು ಮೂಸಿದಳು. ಎಳ್ಳೆಣ್ಣೆ.

*

ಸೇತುವೆಯ ಪಕ್ಕದಲ್ಲೇ ತಣ್ಣನೆ ಶ್ಯಾವಿಗೆ ಅಂಗಡಿ. ಮಾ ಮತ್ತು ಹ್ಯೆರಿನ್ ಅಲ್ಲಿ ಉಣ್ಣಲು ಕೂತರು. ಒಡತಿ ಮ್ಯೊಂಗ್‌ನಾನ್ ಊರಿಗೆಲ್ಲ ಚಿಕ್ಕಮ್ಮ. ವಸಂತದಲ್ಲಿ ಅವಳ ಒಬ್ಬನೇ ಮಗ ಅದೇ ಸೇತುವೆಯಿಂದ ಹಾರಿ ಸತ್ತಿದ್ದ. ಅಂಥವಳ ಮೇಲೆ ಯಾರಿಗೆ ಅನುಮಾನ ಬಂದೀತು?

"ಕತ್ತರಿಸ್ಲಾ?" ಎಂದು ಚಿಕ್ಕಮ್ಮ, ಉದ್ದನೆ ಎಳೆ ತಿನ್ನಲು ಸುಲಭವಾಗಲೆಂದು ಎಂದಿನಂತೆ ಅವರ ಬಟ್ಟಲಿಗೆ ಕತ್ತರಿ ಹಾಕಿದಳು. ಶ್ಯಾವಿಗೆ ತುಂಡಾಗದೆ ಅಲಗಿಗೆ ಸಿಕ್ಕಿ ಜೋತಾಡಿತು.

"ಏನ್ ಚಿಕ್ಕಮ್ಮ, ಕತ್ತರಿಗೂ ನಿಮ್ ಹಾಗೆ ಹಲ್ಲು ಬಿತ್ತಾ?" ಮಾ ನಕ್ಕ.

ಹ್ಯೆರಿನ್ ನಗಲಿಲ್ಲ. ಅಲಗಿನ ನಡುವೆ ಹೊಸದಾಗಿ ಕಚ್ಚು ಬಿದ್ದಿತ್ತು.

"ತಂತೀಲಿ ಈ ಶ್ಯಾವಿಗೆಗೆ ಹಾಕೋ ಎಳ್ಳೆಣ್ಣೆ ವಾಸನೆ. ಇಲ್ಲಿ ಮೊಂಡಾದ ಕತ್ತರಿ. ಶ್ಯಾವಿಗೆ ಕತ್ತರಿಸಿ ಯಾವ ಅಲಗೂ ಹೀಗಾಗಲ್ಲ. ನೀವೇ ಅಲ್ವಾ ಚಿಕ್ಕಮ್ಮ? ಯಾಕೆ?"

ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು.

"ನನ್ ಮಗ ಆ ರಿಸೀವರ್ ಕಿವಿಗಿಟ್ಕೊಂಡು ಎಷ್ಟೋ ಹೊತ್ತು ನಿಂತಿದ್ದ. ಹೋಗೋ ಬರೋರೆಲ್ಲ ನೋಡಿದ್ರು. 'ಫೋನಲ್ಲಿ ಮಾತಾಡ್ತಿದಾನಲ್ಲ, ಅವ್ರು ನೋಡ್ಕೋತಾರೆ' ಅಂತ ಮುಂದೆ ಹೋದ್ರು. ಫೋನ್ ಇಲ್ದಿದ್ರೆ ಯಾರಾದ್ರೂ ಕೈ ಹಿಡೀತಿದ್ರು ಅಂದ್ಕೊಂಡೆ."

ಹ್ಯೆರಿನ್‌ಗೆ ಆ ಫೋನಿನಿಂದ ಬದುಕುಳಿದವರು ಗೊತ್ತಿದ್ದರು. ಈ ತಾಯಿಯ ಮುಂದೆ ಅದನ್ನು ಯಾವ ಬಾಯಲ್ಲಿ ಹೇಳುವುದು? ಅವಳ ಇಷ್ಟು ವರ್ಷದ ಓದು ಆ ಹೊತ್ತಿಗೆ ಏನೂ ಕೆಲಸಕ್ಕೆ ಬರಲಿಲ್ಲ.

"ಮತ್ತೆ ಕತ್ತರಿಸ್ಬೇಡಿ," ಎಂದಷ್ಟೇ ಬೇಡಿಕೊಂಡಳು. "ಫೋನೂ ಇಲ್ದಿದ್ರೆ ಬಂದವರಿಗೆ ಯಾರೂ ಇರಲ್ಲ."

"ಕತ್ತರಿಸಲ್ಲ, ಹಾಕಿಸ್ಕೊಳಿ," ಅಂದಳು ಚಿಕ್ಕಮ್ಮ. "ಇವತ್ತು ಬೆಳಿಗ್ಗೆ ಜನ ತುಂಬಿರೋ ಹೊತ್ತಲ್ಲೇ ಹೋಗಿದ್ದೆ. ಕಂಬಿ ಹಿಡ್ಕೊಂಡು ಗೋಳೋ ಅಂತ ಅಳ್ತಾ ಕತ್ತರಿಸ್ದೆ. ಒಬ್ರಾದ್ರೂ 'ಯಾಕಮ್ಮಾ' ಅನ್ನಲಿಲ್ಲ."