ಹಾರ್ಪ್ ಕಾಣೆಯಾದ ಬುಧವಾರ

ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ವಾರದ ಬುಧವಾರ ನಮ್ಮ ಇಟಾಪುಕು ಊರಿನಲ್ಲಿ ಯಾರೂ ಗಡ್ಡ ಬೋಳಿಸಿಕೊಳ್ಳುವುದಿಲ್ಲ. ಎಲ್ಲರ ಕೈಯೂ ಚಿಪಾ ಹಿಟ್ಟಿನಲ್ಲಿರುತ್ತದೆ. ಮರಗೆಣಸಿನ ಹಿಟ್ಟಿಗೆ ಚೀಸು, ಮೊಟ್ಟೆ, ಸೋಂಪು ಸೇರಿಸಿ ನಾದಿ, ಬಳೆಯಂತೆ ಸುತ್ತಿ, ಮಣ್ಣಿನ ಒಲೆಯಲ್ಲಿ ಬೇಯಿಸಿ, ಹಬ್ಬ ಮುಗಿಯುವವರೆಗೂ ಅದನ್ನೇ ತಿನ್ನುತ್ತೇವೆ. ಕ್ಷೌರಿಕನಾದ ನನಗೆ ಅಂದು ಕೆಲಸವಿಲ್ಲ. ಅಂಗಡಿಗೆ ಬೀಗ ಹಾಕಿ, ಚೌಕದಲ್ಲಿ ಗಿಡಮೂಲಿಕೆ ಮಾರುವ ಪೆಟ್ರೋನಕ್ಕನ ಪಕ್ಕ ಕೂತು ಸೊಪ್ಪು ನೆನೆಸಿದ ತಣ್ಣಗಿನ ತೆರೆರೆ ಪಾನೀಯ ಹೀರುತ್ತಿದ್ದೆ.

ಊರಿನ ಒಗಟುಗಳೆಲ್ಲ ಕೊನೆಗೆ ಬಂದು ಸೇರುವುದು ಪೆಟ್ರೋನಕ್ಕನ ಒರಳಿನ ಬಳಿಗೇ. ಚರ್ಚಿನ ಗಂಟೆಯ ನಾಲಗೆ ಕದ್ದವನನ್ನು ಬರೀ ಅವನ ಕೆಮ್ಮಿನಿಂದ ಹಿಡಿದವಳು ಅವಳು. ನಾನು ಅವಳ ಸಹಾಯಕ. ಅಂದರೆ ಅವಳು ಯೋಚಿಸುವಾಗ ಬೇರು ಕುಟ್ಟುವವನು.

ಚರ್ಚಿನಲ್ಲಿ ಹತ್ತು ಹೊಡೆಯಿತು. ಅಷ್ಟರಲ್ಲಿ ಚೌಕದಾಚೆಯ ಮನೆಯಿಂದ ಡೊಮಿಟಿಲಮ್ಮ ಹೊರಗೆ ಓಡಿ ಬಂದರು. ಮೊಣಕೈವರೆಗೆ ಹಿಟ್ಟು ಮೆತ್ತಿತ್ತು. ಅದೇ ಕೈಯನ್ನು ತಲೆಯ ಮೇಲೆ ಹೊತ್ತುಕೊಂಡಿದ್ದರಿಂದ ಕೂದಲೂ ಬೆಳ್ಳಗಾಗಿತ್ತು.

"ನನ್ನ ಹಾರ್ಪ್ ಇಲ್ಲ. ಅಭ್ಯಾಸಕ್ಕೆ ಅಂತ ಬಾಗಿಲು ತೆಗೀತೀನಿ, ಕೋಣೆ ಖಾಲಿ" ಎಂದರು.

ಡೊಮಿಟಿಲಮ್ಮನ ಹಾರ್ಪ್ ಎಂದರೆ ನಮ್ಮ ಊರಿಗೆ ಊರೇ ಎದೆಯುಬ್ಬಿಸುವ ವಸ್ತು. ನಲವತ್ತು ವರ್ಷಗಳಿಂದ ರಾಜಧಾನಿ ಅಸುನ್ಸಿಯೋನ್‌ನವರು ನಮ್ಮನ್ನು ಗುರುತಿಸುವುದೇ ಅದರಿಂದ. ಭಾನುವಾರ ಅಲ್ಲಿನ ರೇಡಿಯೋದವರು ಬಂದು, ಅವರೊಬ್ಬರದೇ ವಾದನ ಧ್ವನಿಮುದ್ರಿಸುವವರಿದ್ದರು. ಹಾಗಾಗಿ ಇನ್‌ಸ್ಪೆಕ್ಟರ್ ಬೆನಿಗ್ನೊ ಎಂದೂ ಇಲ್ಲದ ಚುರುಕಿನಿಂದ ಓಡಿ ಬಂದ. ಅರ್ಧ ಗಂಟೆಯಲ್ಲಿ ಕಳ್ಳಿಯನ್ನೂ ಕಂಡುಹಿಡಿದುಬಿಟ್ಟ. ಅವನ ಪ್ರಕಾರ ಅದು ಶಿಷ್ಯೆ ಜುನಿಲ್ಡಾ.

ಆ ಹುಡುಗಿ ಏದುಸಿರು ಬಿಡುತ್ತಾ ನಮ್ಮ ಹತ್ತಿರ ಬಂದಳು. ಇಪ್ಪತ್ತೆರಡರ ಪ್ರಾಯ, ಮೂಗಿನ ತುದಿಯಲ್ಲೇ ಕೋಪ.

"ಅಕ್ಕ, ನಾನ್ ತಗೊಂಡಿಲ್ಲ. ಬೀಗ ಒಡೆದಿಲ್ಲವಂತೆ, ಎರಡನೇ ಕೀಲಿ ನನ್ನ ಹತ್ರ ಇದೆಯಂತೆ, ಅದಕ್ಕೆ ನಾನೇ ಅಂತೆ. ಮಧ್ಯಾಹ್ನ ಠಾಣೆಗೆ ಬಾ ಅಂದಿದಾನೆ. ಹಾರ್ಪ್ ಕಳ್ಳಿ ಅಂತ ಒಂದ್ಸಲ ಹೆಸರು ಬಂದ್ರೆ ಯಾವ ಊರಲ್ಲೂ ನನಗೆ ಹಾರ್ಪ್ ಮುಟ್ಟೋಕೆ ಬಿಡಲ್ಲ."

"ನಿನ್ನೆ ಈ ಫೆಲಿಸಿಯಾನೊ ಅಂಗಡಿ ಗೋಡೆ ಮೇಲಿದ್ದ ಭಾನುವಾರದ ಕಾರ್ಯಕ್ರಮದ ಪೋಸ್ಟರ್ ಹರಿದೆಯಂತಲ್ಲ?" ಎಂದಳು ಪೆಟ್ರೋನಕ್ಕ, ನನ್ನತ್ತ ಕೈ ತೋರಿಸಿ.

"ಹರಿದೆ. ಆರು ವರ್ಷ 'ಡೊಮಿಟಿಲಾ ಮತ್ತು ಶಿಷ್ಯೆ' ಅಂತ ಹಾಕ್ತಿದ್ರು. ಶಿಷ್ಯೆಗೆ ಹೆಸರೇ ಇಲ್ಲ. ಈ ಸಲ ಶಿಷ್ಯೆನೂ ಇಲ್ಲ. ಈಗೊಂದು ವರ್ಷದಿಂದ ವೇಗದ ಹಾಡು ಬಂದ್ರೆ ಹಿಂದಿನ ಕುರ್ಚಿಲಿ ಕೂತು ಎರವಲು ಹಾರ್ಪಲ್ಲಿ ನುಡಿಸೋದು ನಾನು, ಚಪ್ಪಾಳೆ ಅವರಿಗೆ. ಸಿಟ್ಟು ಬರಲ್ವಾ?"

"ಬರತ್ತೆ ಕಣೇ. ಕೈ ತೋರಿಸು."

ಜುನಿಲ್ಡಾ ಕೈ ಚಾಚಿದಳು. ಉಗುರುಗಳು ಉದ್ದವಾಗಿ, ನಯವಾಗಿ ಹೊಳೆಯುತ್ತಿದ್ದವು.

"ತಂತಿ ಮೀಟೋದು ಉಗುರಲ್ಲೇ ಅಲ್ವಾ. ಮನೇಲಿ ಒಂದು ಪಾತ್ರೆ ತೊಳೆಯಲ್ಲ ಅಂತ ಅಮ್ಮ ಬಯ್ತಾಳೆ. ಆದ್ರೆ ಗುರುಗಳು ಹಾಕಿಕೊಟ್ಟ ಮೊದಲ ಪಾಠವೇ ಅದು" ಎಂದಳು.

ಪೆಟ್ರೋನಕ್ಕ ಎದ್ದು ಲಂಗ ಕೊಡವಿದಳು. "ನಡಿ ಫೆಲಿಸಿಯಾನೊ, ಚಿಪಾ ತಿಂದು ಬರೋಣ."

ಡೊಮಿಟಿಲಮ್ಮನ ಹಿತ್ತಿಲಿನ ಒಲೆಗೆ ಇಡೀ ಬೀದಿಯೇ ಬಂದು ಸೇರುತ್ತದೆ. ಆದರೆ ನಾವು ಮೊದಲು ಮನೆಯೊಳಗೆ ಹೋದೆವು. ಹಾರ್ಪಿನ ಕೋಣೆಯಲ್ಲಿ ಒಂದು ಕುರ್ಚಿ ಬಿಟ್ಟರೆ ಏನೂ ಇರಲಿಲ್ಲ. ಪಕ್ಕದ ಕೋಣೆ ಡೊಮಿಟಿಲಮ್ಮನ ತಾಯಿಯದು. ಆಕೆ ತೀರಿಕೊಂಡು ನಾಲ್ಕು ವರ್ಷವಾಗಿದೆ. ಮಂಚ, ಇಳಿಬಿಟ್ಟ ಸೊಳ್ಳೆಪರದೆ, ಗೋಡೆಯಲ್ಲಿ ಕನ್ಯೆ ಮರಿಯಮ್ಮನ ಚಿತ್ರ. ಪೆಟ್ರೋನಕ್ಕ ಬಾಗಿಲಲ್ಲೇ ನಿಂತು ಶಿಲುಬೆಯ ಗುರುತು ಹಾಕಿಕೊಂಡು ಹಿಂದಿರುಗಿದಳು. ನಾನು ಅದನ್ನು ಭಕ್ತಿಯೆಂದೇ ತಿಳಿದೆ.

ಹಿತ್ತಿಲಿನಲ್ಲಿ ಅವಳು ಪಕ್ಕದ ಮನೆಯ ಕ್ಲೋಟಿಲ್ಡಾಳನ್ನು ಕೇಳಿದ್ದು ಒಂದೇ ಪ್ರಶ್ನೆ. "ನೀನು ಎಷ್ಟು ಹೊತ್ತಿಗೆ ಬಂದೆ?"

"ಎಂಟಕ್ಕೇ ಬಂದೆ. ಆಗ್ಲೇ ಡೊಮಿಟಿಲಮ್ಮ ತೋಳು ಮಡಚಿ ಮುಷ್ಟೀಲಿ ನಾದ್ತಾ ಇದ್ರು. ಪಾಪ, ಎಷ್ಟು ಚೆನ್ನಾಗಿ ನಾದ್ತಾರೆ ಗೊತ್ತಾ."

ಪೆಟ್ರೋನಕ್ಕ ಮುಗುಳ್ನಕ್ಕು ಕುರ್ಚಿ ಎಳೆದುಕೊಂಡು ಕೂತಳು. ಆ ನಗು ನನಗೆ ಗೊತ್ತು. ನಾನು ಹೋಗಿ ಇನ್‌ಸ್ಪೆಕ್ಟರನ್ನೂ ಜುನಿಲ್ಡಾಳನ್ನೂ ಕರೆತಂದೆ. ಒಲೆಯ ಬಾಯಿಗೆ ಬಾಳೆ ಎಲೆ ಮುಚ್ಚಿದ್ದರು. ತೆರೆರೆ ತುಂಬಿದ ಕೊಂಬಿನ ಲೋಟ ಕೈಯಿಂದ ಕೈಗೆ ಹೋಗುತ್ತಿತ್ತು.

"ಸಾಹೇಬ್ರೇ," ಎಂದಳು ಪೆಟ್ರೋನಕ್ಕ, "ಕೀಲಿ ಎರಡಿದೆ ಅಂದ್ರಿ. ಒಂದರ ಒಡತಿಯನ್ನ ಮಾತ್ರ ಯಾಕೆ ಕೇಳಿದ್ರಿ?"

"ಇನ್ನೊಂದು ಅಮ್ಮಾವರದ್ದೇ ಅಲ್ವೇನ್ರೀ. ತಮ್ಮ ಹಾರ್ಪ್ ತಾವೇ ಕದೀತಾರಾ?"

ಎಲ್ಲರೂ ನಕ್ಕರು. ಡೊಮಿಟಿಲಮ್ಮ ನಗಲಿಲ್ಲ.

"ನಲವತ್ತು ವರ್ಷ ಈ ಹಿತ್ತಿಲಲ್ಲಿ ಚಿಪಾ ತಿಂದಿದೀನಿ," ಪೆಟ್ರೋನಕ್ಕ ಮುಂದುವರಿಸಿದಳು, "ಡೊಮಿಟಿಲಾ ಕುರ್ಚೀಲಿ ಕೂತು ಅಪ್ಪಣೆ ಕೊಡ್ತಿದ್ಲೇ ಹೊರತು ಹಿಟ್ಟಿಗೆ ಕೈ ಹಾಕಿದ್ದು ನೋಡಿಲ್ಲ. ಉಗುರು ಮುರಿದ್ರೆ ಹಾರ್ಪ್ ಹೋಯ್ತು. ಇವತ್ತು ನಾದಿದ್ಲು. ಹಾರ್ಪೇ ಇಲ್ಲ, ಇನ್ನು ಉಗುರು ಯಾಕೆ ಅಂತ ದುಃಖಕ್ಕೆ ನಾದಿದ್ರೆ ಒಪ್ಪಬಹುದಿತ್ತು. ಆದ್ರೆ ಹಾರ್ಪ್ ಇಲ್ಲ ಅಂತ ಗೊತ್ತಾಗಿದ್ದು ಹತ್ತಕ್ಕೆ. ನಾದಿದ್ದು ಎಂಟಕ್ಕೆ. ಹತ್ತಕ್ಕೆ ಅಭ್ಯಾಸಕ್ಕೆ ಕೂರೋಳು ಎಂಟಕ್ಕೆ ಹಿಟ್ಟು ನಾದ್ತಾಳಾ?"

ಕೊಂಬು ನನ್ನ ಕೈಯಲ್ಲೇ ನಿಂತಿತು. ನಾನು ಆ ಹಿಟ್ಟಿನ ಕೈಯನ್ನು ಎಲ್ಲರಿಗಿಂತ ಮೊದಲು ಕಂಡವನು, ಕಂಡೂ ಕುರುಡನಾಗಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

"ಯಾಕೆ ಅಂತೀರಾ? ವರ್ಷದಿಂದ ವೇಗದ ಹಾಡು ನುಡಿಸ್ತಿರೋದು ಹಿಂದಿನ ಕುರ್ಚಿ. ರೇಡಿಯೋದವರು ಒಬ್ಬರೇ ನುಡಿಸಿ ಅಂದ್ರು. ಹಿಂದಿನ ಕುರ್ಚಿ ಇಲ್ಲ. ಆಮೇಲೆ, ಮಲಗೋರಿಲ್ಲದ ಮಂಚಕ್ಕೆ ಹಾಡಹಗಲೇ ಸೊಳ್ಳೆಪರದೆ ಯಾಕೆ ಇಳಿಬಿಟ್ಟಿದೆ? ಮಿಕ್ಕಿದ್ದು ನೀನೇ ಹೇಳ್ತೀಯಾ ಡೊಮಿಟಿಲಾ, ನಾನು ಹೇಳ್ಲಾ?"

ಡೊಮಿಟಿಲಮ್ಮ ಬಲಗೈ ಎತ್ತಿ ಎಲ್ಲರಿಗೂ ತೋರಿಸಿದರು. ಉಗುರುಗಳನ್ನು ಬುಡದವರೆಗೂ ಕತ್ತರಿಸಿದ್ದರು. ಉಂಗುರದ ಬೆರಳು ಮಡಚಿದಲ್ಲೇ ನಿಂತಿತ್ತು.

"ಈ ಬೆರಳು ಮೇಲಕ್ಕೆ ಏಳ್ತಿಲ್ಲ. ಆಗಲ್ಲ ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಯ್ತು. ಕಳ್ಳತನ ಆಯ್ತು ಅಂದ್ರೆ ಯಾರೂ ಕೇಳಲ್ಲ ಅನ್ಕೊಂಡೆ. ಉಗುರು ಇದ್ರೆ ಬೇರೆ ಹಾರ್ಪ್ ತಂದುಕೊಡ್ತಾರೆ ಅಂತ ಅದನ್ನೂ ಕತ್ತರಿಸಿದೆ. ಕತ್ತರಿಸಿದ ಮೇಲೆ, ಹೇಗಿದ್ರೂ ಆಯ್ತಲ್ಲ, ಒಂದ್ಸಲ ಹಿಟ್ಟು ನಾದೋಣ ಅನ್ನಿಸ್ತು. ಹುಡುಗಿಯಾಗಿದ್ದಾಗಿನ ಆಸೆ ಅದು."

"ನನ್ನ ಹೆಸರು ಬಂದಾಗ ಸುಮ್ಮನಿದ್ರಲ್ಲ," ಎಂದಳು ಜುನಿಲ್ಡಾ.

"ಇದ್ದೆ. ಅದು ಬೆರಳಿನ ತಪ್ಪಲ್ಲ, ನನ್ನದು. ನಿನ್ನ ಕ್ಷಮೆ ಕೇಳ್ತೀನಿ, ಎಲ್ಲರೆದುರಿಗೇ."

ಡೊಮಿಟಿಲಮ್ಮ ತಾಯಿಯ ಕೋಣೆಗೆ ಎದ್ದು ಹೋಗಿ ತಾವೇ ಸೊಳ್ಳೆಪರದೆ ಸರಿಸಿ, ಹಾರ್ಪನ್ನು ತಬ್ಬಿಕೊಂಡು ತಂದು ಶಿಷ್ಯೆಯ ಮುಂದೆ ನಿಲ್ಲಿಸಿದರು. "ಭಾನುವಾರ ನೀನು ನುಡಿಸು."

ಜುನಿಲ್ಡಾ ಒಂದು ತಂತಿ ಮೀಟಿ ನೋಡಿದಳು. "ನಾನು ಮುಂದಿನ ಕುರ್ಚೀಲಿ ಕೂತ್ರೆ ಮಾತ್ರ" ಎಂದಳು.

"ಕೊಬ್ಬು ನೋಡು," ಎಂದರು ಡೊಮಿಟಿಲಮ್ಮ, ಕಣ್ಣೊರೆಸಿಕೊಳ್ಳುತ್ತಾ. "ನನಗೂ ಈ ವಯಸ್ಸಲ್ಲಿ ಇಷ್ಟೇ ಇತ್ತು."

ಇನ್‌ಸ್ಪೆಕ್ಟರ್ ಬೆನಿಗ್ನೊ ಏನೋ ಬರೆಯಲು ಪುಸ್ತಕ ತೆಗೆದ. ಪೆಟ್ರೋನಕ್ಕ ಅದರ ಮೇಲೆ ಬಿಸಿ ಚಿಪಾ ಇಟ್ಟಳು. ಅವನು ಪುಸ್ತಕ ಮುಚ್ಚಿ ಚಿಪಾ ತಿಂದ.

ಭಾನುವಾರ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜುನಿಲ್ಡಾ ಮುಂದಿನ ಕುರ್ಚಿಯಲ್ಲಿ ಹಾರ್ಪಿಗೆ ಭುಜ ಕೊಟ್ಟು ಕೂತಿದ್ದಳು. ಹಿಂದಿನ ಕುರ್ಚಿಯಲ್ಲಿ ಡೊಮಿಟಿಲಮ್ಮ ಖಾಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ರೇಡಿಯೋದವನು ಗಂಟಲು ಸರಿಮಾಡಿಕೊಂಡು ಮೈಕಿನ ಮುಂದೆ ಶುರುಮಾಡಿದ.

"ಕೇಳುಗರೇ, ಈಗ ನಿಮ್ಮ ಮುಂದೆ, ಮಹಾನ್ ವಾದಕಿ ಡೊಮಿಟಿಲಾ ಬ್ರಿಜುಯೆಲಾ ಅವರ ಶಿಷ್ಯೆ..."

"ಏನಪ್ಪಾ," ಹಿಂದಿನ ಕುರ್ಚಿಯಿಂದ ದನಿ ಬಂತು, ಮೈಕಿಗೂ ಕೇಳಿಸುವಷ್ಟು ಜೋರಾಗಿ. "ಆ ಹುಡುಗಿಗೆ ಒಂದು ಹೆಸರಿದೆ. ಜುನಿಲ್ಡಾ ಕಾನ್ಯೇತೆ. ಮೊದಲು ಅದನ್ನ ಹೇಳು, ನನ್ನದು ಆಮೇಲೆ ಹೇಳುವಿಯಂತೆ."

ಅವನು ಹೇಳಿದ. ಜುನಿಲ್ಡಾ ಹಿಂದಿರುಗಿ ಒಮ್ಮೆ ಗುರುಗಳನ್ನು ನೋಡಿ, ತಂತಿಗಳ ಮೇಲೆ ಕೈಯಿಟ್ಟಳು.